ನಡೆದರೆ ದುಡ್ಡು: ಹೆಜ್ಜೆಗೆ ಬೆಲೆ ಕಟ್ಟಿದ ಪ್ರಯೋಗಗಳು ಏನು ಹೇಳುತ್ತವೆ?

'ದಿನಕ್ಕೆ 10,000 ಹೆಜ್ಜೆ ನಡೆಯಿರಿ, 20 ರೂಪಾಯಿ ಕೊಡುತ್ತೇವೆ' ಎಂದು ಯಾರಾದರೂ ಹೇಳಿದರೆ ನೀವು ನಡೆಯುವಿರಾ?

ಇದು ತಮಾಷೆಯ ಪ್ರಶ್ನೆಯಲ್ಲ. ನಮ್ಮ ನೆರೆಯ ಕೊಯಮತ್ತೂರಿನಲ್ಲಿ ಸಕ್ಕರೆ ಕಾಯಿಲೆ ಇದ್ದ ಅಥವಾ ಅದು ಬರುವ ಹಂತದಲ್ಲಿದ್ದ 3,192 ವಯಸ್ಕರನ್ನು ಸೇರಿಸಿಕೊಂಡು ಇದನ್ನೇ ಪ್ರಯೋಗವಾಗಿ ನಡೆಸಿದ್ದಾರೆ. ಅಧ್ಯಯನ ಮಾಡಿದವರು ಶಿಲ್ಪಾ ಅಗರ್‌ವಾಲ್, ರೆಬೆಕ್ಕಾ ಡೈಜಾನ್-ರಾಸ್ ಮತ್ತು ಏರಿಯಲ್ ಝುಕರ್ ಎಂಬ ಅರ್ಥಶಾಸ್ತ್ರಜ್ಞರು. ಹೆಜ್ಜೆ ಎಣಿಸುವ ಪುಟ್ಟ ಸಾಧನವನ್ನು ಜನರಿಗೆ ಕೊಟ್ಟು, ಗುರಿ ಮುಟ್ಟಿದ ದಿನಗಳ ಹಣವನ್ನು ಮೊಬೈಲ್ ರೀಚಾರ್ಜ್ ರೂಪದಲ್ಲಿ ಪಾವತಿಸಿದರು. ಹೆಜ್ಜೆ ಎಣಿಸುವ ಸಾಧನ ಮಾತ್ರ ಪಡೆದು ಹಣದ ಭರವಸೆ ಇಲ್ಲದವರಿಗಿಂತ, ಹಣದ ಭರವಸೆ ಇದ್ದವರು ಸುಮಾರು ಶೇಕಡಾ 20ರಷ್ಟು ಹೆಚ್ಚು ನಡೆದರು.

ಹಾಗಾದರೆ ಪ್ರಶ್ನೆ ಬಗೆಹರಿಯಿತೇ? ಹಣ ಕೊಟ್ಟರೆ ಜನ ನಡೆಯುತ್ತಾರೆ, ನಡೆದರೆ ಆರೋಗ್ಯ ಸುಧಾರಿಸುತ್ತದೆ ಎಂದು ತೀರ್ಮಾನಿಸಬಹುದೇ? ಇಂಥ ತೀರ್ಮಾನಕ್ಕೆ ಬರುವ ಅವಸರ ಇಂದು ಹಲವರಿಗಿದೆ. ವಿಮಾ ಕಂಪನಿಗಳು ಹೆಜ್ಜೆ ಎಣಿಸಿ ಅಂಕ ಕೊಡುತ್ತವೆ. ಕಚೇರಿಗಳು ನಡಿಗೆಯ ಸ್ಪರ್ಧೆ ಏರ್ಪಡಿಸಿ ಉಡುಗೊರೆ ಹಂಚುತ್ತವೆ. 'ನಮ್ಮ ಯೋಜನೆಗೆ ಸೇರಿದವರು ಇಷ್ಟು ಹೆಚ್ಚು ಚಟುವಟಿಕೆಯಿಂದ ಇದ್ದಾರೆ' ಎಂಬ ಜಾಹೀರಾತುಗಳು ಬರುತ್ತವೆ. ಇನ್ನೊಂದೆಡೆ, 'ದುಡ್ಡಿಗಾಗಿ ಮಾಡಿದ ವ್ಯಾಯಾಮ ಎಷ್ಟು ದಿನ ಬಂದೀತು?' ಎಂದು ಇಡೀ ವಿಷಯವನ್ನೇ ತಳ್ಳಿಹಾಕುವವರೂ ಇದ್ದಾರೆ. ಈ ಎರಡೂ ನಿಲುವುಗಳನ್ನು ಪ್ರಯೋಗಗಳ ಫಲಿತಾಂಶದೊಂದಿಗೆ ಹೋಲಿಸಿ ನೋಡುವುದು ಈ ಲೇಖನದ ಉದ್ದೇಶ.

ಸಮಸ್ಯೆ ಎಷ್ಟು ದೊಡ್ಡದು?

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ದೈಹಿಕ ಚಟುವಟಿಕೆ ನಡೆಸಬೇಕು, ಅಥವಾ 75 ನಿಮಿಷ ತೀವ್ರ ಶ್ರಮದ್ದಾದರೂ ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಿರುಸಿನ ನಡಿಗೆ ಸಾಧಾರಣ ಶ್ರಮದ ಚಟುವಟಿಕೆಗೆ ಒಳ್ಳೆಯ ಉದಾಹರಣೆ. ಈ ಮಟ್ಟವನ್ನು ಮುಟ್ಟದವರನ್ನು 'ಸಾಕಷ್ಟು ಚಟುವಟಿಕೆ ಇಲ್ಲದವರು' ಎಂದು ಲೆಕ್ಕ ಹಾಕುತ್ತಾರೆ. 2024ರಲ್ಲಿ 'ದಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ 2022ರಲ್ಲಿ ಜಗತ್ತಿನ ವಯಸ್ಕರಲ್ಲಿ ಶೇಕಡಾ 31ರಷ್ಟು ಮಂದಿ ಈ ಗುಂಪಿಗೆ ಸೇರಿದ್ದರು. ಭಾರತದಲ್ಲಿ ಈ ಪ್ರಮಾಣ ಸುಮಾರು ಶೇಕಡಾ 49. 2000ದಲ್ಲಿ ಇದು ಸುಮಾರು ಶೇಕಡಾ 22 ಇತ್ತು. ಪುರುಷರಲ್ಲಿ ಶೇಕಡಾ 42, ಮಹಿಳೆಯರಲ್ಲಿ ಶೇಕಡಾ 57 ಎಂಬ ಅಂತರವನ್ನೂ ಗಮನಿಸಿ. ಹೃದ್ರೋಗ, ಪಾರ್ಶ್ವವಾಯು, ಎರಡನೇ ಬಗೆಯ ಸಕ್ಕರೆ ಕಾಯಿಲೆ, ಕೆಲವು ಬಗೆಯ ಕ್ಯಾನ್ಸರ್ ಇವುಗಳ ಅಪಾಯವನ್ನು ಜಡ ಜೀವನ ಹೆಚ್ಚಿಸುತ್ತದೆ.

ನಡೆದರೆ ಒಳ್ಳೆಯದು ಎಂಬ ತಿಳುವಳಿಕೆ ಬಹುಮಂದಿಗೆ ಇದೆ. ಆದರೂ ನಡೆಯುವುದಿಲ್ಲ. ಏಕೆ? ಅರ್ಥಶಾಸ್ತ್ರಜ್ಞರು ಕೊಡುವ ಒಂದು ವಿವರಣೆ ಹೀಗಿದೆ. ವ್ಯಾಯಾಮದ ಶ್ರಮ ಈ ಕ್ಷಣದ್ದು. ಅದರ ಲಾಭ ಹತ್ತಿಪ್ಪತ್ತು ವರ್ಷಗಳ ನಂತರದ್ದು. ಮನುಷ್ಯನ ಮನಸ್ಸು ಇಂದಿನ ಸಣ್ಣ ತೊಂದರೆಯನ್ನು ದೊಡ್ಡದಾಗಿಯೂ ಮುಂದಿನ ದೊಡ್ಡ ಲಾಭವನ್ನು ಸಣ್ಣದಾಗಿಯೂ ಕಾಣುತ್ತದೆ. ಹಾಗಾದರೆ ಲಾಭದ ಒಂದಂಶವನ್ನು ಈಗಲೇ ಕೈಗೆ ಕೊಟ್ಟರೆ ತಕ್ಕಡಿ ಸರಿಹೋಗಬಹುದಲ್ಲವೇ? ಪ್ರೋತ್ಸಾಹಧನದ ಹಿಂದಿರುವ ಸರಳ ತರ್ಕ ಇದು. ತರ್ಕ ಸರಿಯಾಗಿದೆ. ಆದರೆ ತರ್ಕ ಸರಿಯಾಗಿದ್ದ ಮಾತ್ರಕ್ಕೆ ಫಲ ಸಿಗುತ್ತದೆಂದು ಹೇಳಲಾಗದು. ಅದಕ್ಕೆ ಪ್ರಯೋಗ ಬೇಕು. ಪ್ರಯೋಗದ ಫಲಿತಾಂಶವನ್ನು ಓದುವಾಗ ನಾಲ್ಕು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಹಣ ಕೊಡುತ್ತಿರುವಾಗ ಎಷ್ಟು ಬದಲಾವಣೆ ಆಯಿತು? ಯಾರೊಂದಿಗೆ ಹೋಲಿಸಿ ಅದನ್ನು ಅಳೆದರು? ಹಣ ನಿಂತ ಮೇಲೆ ಏನಾಯಿತು? ಕೊನೆಯದಾಗಿ, ಹಣ ಯಾರ ಕೈ ಸೇರಿತು?

ಹಣ ಕೊಡುತ್ತಿರುವಾಗ

ಮೊದಲ ಪ್ರಶ್ನೆಗೆ ಉತ್ತರ ಸಾಕಷ್ಟು ಸ್ಪಷ್ಟವಾಗಿದೆ. 2020ರಲ್ಲಿ 'ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್' ಪತ್ರಿಕೆಯಲ್ಲಿ ಮಾರ್ಕ್ ಮಿಚೆಲ್ ಮತ್ತು ಸಂಗಡಿಗರು 23 ಪ್ರಯೋಗಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದರು. ಅವುಗಳಲ್ಲಿ ಭಾಗವಹಿಸಿದವರು ಒಟ್ಟು 6,074 ಮಂದಿ. ಪ್ರೋತ್ಸಾಹಧನ ಇದ್ದ ಗುಂಪುಗಳು ಇಲ್ಲದ ಗುಂಪುಗಳಿಗಿಂತ ದಿನಕ್ಕೆ ಸರಾಸರಿ 607 ಹೆಜ್ಜೆ ಹೆಚ್ಚು ನಡೆದಿದ್ದವು.

607 ಹೆಜ್ಜೆ ಎಂದರೆ ಎಷ್ಟು? ಬಿರುಸಿನ ನಡಿಗೆಯಲ್ಲಿ ನಿಮಿಷಕ್ಕೆ ಸುಮಾರು 100 ಹೆಜ್ಜೆ ಬೀಳುತ್ತವೆ. ಅಂದರೆ ದಿನಕ್ಕೆ ಆರು ನಿಮಿಷ. ವಾರಕ್ಕೆ 42 ನಿಮಿಷ. ಜಾಹೀರಾತಿನ ಅಬ್ಬರಕ್ಕೆ ಹೋಲಿಸಿದರೆ ಇದು ಸಣ್ಣದು. ಆದರೆ 150 ನಿಮಿಷದ ಸಲಹೆಗೆ ಹೋಲಿಸಿದರೆ ಅದರ ಕಾಲು ಭಾಗಕ್ಕಿಂತ ಹೆಚ್ಚು. ಆದ್ದರಿಂದ 'ಏನೂ ಆಗುವುದಿಲ್ಲ' ಎನ್ನುವವರ ಮಾತೂ ತಪ್ಪು, 'ಎಲ್ಲವೂ ಬದಲಾಗುತ್ತದೆ' ಎನ್ನುವವರ ಮಾತೂ ತಪ್ಪು.

ಎಷ್ಟು ಹಣ ಎಂಬುದರಂತೆಯೇ ಹೇಗೆ ಕೊಡುತ್ತಾರೆ ಎಂಬುದೂ ಮುಖ್ಯ. 2016ರಲ್ಲಿ ಪ್ರಕಟವಾದ ಮಿತೇಶ್ ಪಟೇಲ್ ಮತ್ತು ಸಂಗಡಿಗರ ಪ್ರಯೋಗವನ್ನು ನೋಡಿ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ದುಡಿಯುತ್ತಿದ್ದ, ತೂಕ ಹೆಚ್ಚಿದ್ದ 281 ಮಂದಿಗೆ ದಿನಕ್ಕೆ 7,000 ಹೆಜ್ಜೆಯ ಗುರಿ ಕೊಟ್ಟರು. ಅವರನ್ನು ನಾಲ್ಕು ಗುಂಪು ಮಾಡಿದರು. ಮೊದಲ ಗುಂಪಿಗೆ ಗುರಿ ಮುಟ್ಟಿದರೋ ಇಲ್ಲವೋ ಎಂಬ ಮಾಹಿತಿ ಮಾತ್ರ. ಎರಡನೆಯ ಗುಂಪಿಗೆ ಗುರಿ ಮುಟ್ಟಿದ ಪ್ರತಿ ದಿನಕ್ಕೆ 1.40 ಡಾಲರ್. ಮೂರನೆಯ ಗುಂಪಿಗೆ ಸರಾಸರಿಯಲ್ಲಿ ಅಷ್ಟೇ ಮೌಲ್ಯದ ಲಾಟರಿ. ನಾಲ್ಕನೆಯ ಗುಂಪಿನವರ ಹೆಸರಿಗೆ ತಿಂಗಳ ಆರಂಭದಲ್ಲೇ 42 ಡಾಲರ್ ಜಮಾ ಮಾಡಿ, ಗುರಿ ತಪ್ಪಿದ ಪ್ರತಿ ದಿನಕ್ಕೆ 1.40 ಡಾಲರ್ ಕಳೆಯುತ್ತಾ ಹೋದರು. ಲೆಕ್ಕ ಹಾಕಿದರೆ ಎರಡನೆಯ ಮತ್ತು ನಾಲ್ಕನೆಯ ಗುಂಪಿಗೆ ಸಿಗುವ ಹಣ ಒಂದೇ. ಆದರೆ ಗುರಿ ಮುಟ್ಟಿದ ದಿನಗಳ ಪ್ರಮಾಣ ಮೊದಲ ಗುಂಪಿನಲ್ಲಿ ಶೇಕಡಾ 30, ಎರಡನೆಯದರಲ್ಲಿ 35, ಲಾಟರಿ ಗುಂಪಿನಲ್ಲಿ 36, ನಾಲ್ಕನೆಯದರಲ್ಲಿ 45. ಮಾಹಿತಿ ಮಾತ್ರ ಪಡೆದ ಗುಂಪಿಗಿಂತ ಖಚಿತವಾಗಿ ಬೇರೆ ಎನ್ನಬಹುದಾದ ಫಲ ಕಂಡದ್ದು ನಾಲ್ಕನೆಯ ಗುಂಪಿನಲ್ಲಿ ಮಾತ್ರ.

ಬರಬೇಕಾದ ಹಣ ಬಾರದಿದ್ದರೆ ಆಗುವ ಬೇಸರಕ್ಕಿಂತ, ಬಂದದ್ದು ಕೈ ತಪ್ಪಿದಾಗ ಆಗುವ ನೋವು ಹೆಚ್ಚು. ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1979ರಲ್ಲಿ ಮಂಡಿಸಿದ ಸಿದ್ಧಾಂತದ ಮುಖ್ಯ ಅಂಶಗಳಲ್ಲಿ ಇದೂ ಒಂದು. ಕಾನೆಮನ್‌ರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ದೊರೆತದ್ದು ಈ ಬಗೆಯ ಸಂಶೋಧನೆಗಾಗಿಯೇ.

ಯಾರೊಂದಿಗೆ ಹೋಲಿಕೆ?

ಎರಡನೆಯ ಪ್ರಶ್ನೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಒಂದು ಸಂಸ್ಥೆಯಲ್ಲಿ ಆರೋಗ್ಯ ಯೋಜನೆ ಆರಂಭವಾಗುತ್ತದೆ ಎಂದುಕೊಳ್ಳಿ. ವರ್ಷದ ಕೊನೆಯಲ್ಲಿ, ಸೇರಿದವರು ಸೇರದವರಿಗಿಂತ ಹೆಚ್ಚು ವ್ಯಾಯಾಮ ಮಾಡುತ್ತಿದ್ದಾರೆ, ಅವರ ವೈದ್ಯಕೀಯ ಖರ್ಚೂ ಕಡಿಮೆ ಎಂದು ವರದಿ ಬರುತ್ತದೆ. ಇದರಿಂದ ಯೋಜನೆ ಫಲ ಕೊಟ್ಟಿತು ಎಂದು ಹೇಳಬಹುದೇ?

ಹೇಳಲಾಗದು. ಅಂಥ ಯೋಜನೆಗೆ ತಾವಾಗಿ ಮುಂದೆ ಬಂದು ಸೇರುವವರು ಯಾರು? ಮೊದಲೇ ಬೆಳಗಿನ ನಡಿಗೆಯ ಅಭ್ಯಾಸ ಇದ್ದವರು, ಆರೋಗ್ಯದ ಬಗ್ಗೆ ಕಾಳಜಿ ಇದ್ದವರು. ಯೋಜನೆ ಇಲ್ಲದಿದ್ದರೂ ಅವರು ಹೆಚ್ಚು ನಡೆಯುತ್ತಿದ್ದರು. ಮನೆಪಾಠಕ್ಕೆ ತಾವಾಗಿ ಬಂದು ಸೇರಿದ ಮಕ್ಕಳ ಅಂಕಗಳನ್ನು ಸೇರದ ಮಕ್ಕಳ ಅಂಕಗಳೊಂದಿಗೆ ಹೋಲಿಸಿ ಪಾಠದ ಗುಣವನ್ನು ಅಳೆದಂತೆ ಇದು. ಈ ದೋಷಕ್ಕೆ ಆಯ್ಕೆಯ ದೋಷ ಎನ್ನುತ್ತಾರೆ.

ಈ ದೋಷ ಎಷ್ಟು ದೊಡ್ಡದಿರಬಹುದು ಎಂಬುದನ್ನು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಡೆದ ಅಧ್ಯಯನ ಚೆನ್ನಾಗಿ ತೋರಿಸಿತು. ಡೇಮನ್ ಜೋನ್ಸ್, ಡೇವಿಡ್ ಮೊಲಿಟರ್ ಮತ್ತು ಜೂಲಿಯನ್ ರೈಫ್ ಅದನ್ನು 2019ರಲ್ಲಿ ಪ್ರಕಟಿಸಿದರು. ವಿಶ್ವವಿದ್ಯಾಲಯದ 4,834 ನೌಕರರನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರೋಗ್ಯ ಯೋಜನೆಗೆ ಆಹ್ವಾನ. ಅದರಲ್ಲಿ ಭಾಗವಹಿಸಿದರೆ ಹಣ. ಇನ್ನೊಂದು ಗುಂಪಿಗೆ ಆಹ್ವಾನವಿಲ್ಲ. ಮೊದಲು ಸಂಶೋಧಕರು ಹಳೆಯ ಪದ್ಧತಿಯಂತೆ, ಸೇರಿದವರನ್ನು ಸೇರದವರೊಂದಿಗೆ ಹೋಲಿಸಿದರು. ಸೇರಿದವರು ವ್ಯಾಯಾಮಶಾಲೆಗೆ ಹೆಚ್ಚು ಹೋಗುತ್ತಿದ್ದರು, ಅವರ ವೈದ್ಯಕೀಯ ಖರ್ಚು ಕಡಿಮೆ ಇತ್ತು. ನಂತರ ಸರಿಯಾದ ರೀತಿಯಲ್ಲಿ, ಆಹ್ವಾನ ಪಡೆದ ಇಡೀ ಗುಂಪನ್ನು ಪಡೆಯದ ಇಡೀ ಗುಂಪಿನೊಂದಿಗೆ ಹೋಲಿಸಿದರು. ಆಗ ವೈದ್ಯಕೀಯ ಖರ್ಚಿನಲ್ಲಾಗಲಿ, ವ್ಯಾಯಾಮಶಾಲೆಯ ಭೇಟಿಯಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅದೇ ಜನ, ಅದೇ ಯೋಜನೆ. ಒಂದು ಹೋಲಿಕೆಯಲ್ಲಿ ಭಾರೀ ಯಶಸ್ಸು, ಇನ್ನೊಂದರಲ್ಲಿ ಏನೂ ಇಲ್ಲ. ಸೇರಿದವರು ಯೋಜನೆ ಆರಂಭವಾಗುವ ಮೊದಲೇ ಹೆಚ್ಚು ಆರೋಗ್ಯವಂತರಾಗಿದ್ದರು ಎಂಬುದು ಹಿಂದಿನ ವರ್ಷದ ದಾಖಲೆಗಳಿಂದ ತಿಳಿದುಬಂತು.

ಆದ್ದರಿಂದ 'ನಮ್ಮ ಸದಸ್ಯರು ಇತರರಿಗಿಂತ ಇಷ್ಟು ಹೆಚ್ಚು ನಡೆಯುತ್ತಾರೆ' ಎಂಬ ಹೇಳಿಕೆ ಕಂಡಾಗ, ಎಷ್ಟೇ ಲಕ್ಷ ಜನರ ಅಂಕಿ-ಅಂಶ ಅದರ ಹಿಂದಿದ್ದರೂ, ಗುಂಪು ಮಾಡಿದ್ದು ಹೇಗೆ ಎಂದು ಮೊದಲು ಕೇಳಬೇಕು. ಸಂಖ್ಯೆ ದೊಡ್ಡದಾದರೆ ಆಕಸ್ಮಿಕ ದೋಷ ಕಡಿಮೆಯಾಗುತ್ತದೆ. ಆಯ್ಕೆಯ ದೋಷ ಕಡಿಮೆಯಾಗುವುದಿಲ್ಲ.

ಹಣ ನಿಂತ ಮೇಲೆ

ಬಹುಮಾನದ ಬಗ್ಗೆ ಶಿಕ್ಷಕರಿಗೆ ಹಳೆಯದೊಂದು ಅನುಮಾನವಿದೆ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಅಮೆರಿಕದ ಒಂದು ಶಿಶುವಿಹಾರದಲ್ಲಿ ನಡೆಸಿದ ಪ್ರಯೋಗ ಅದಕ್ಕೆ ಬಲ ಕೊಟ್ಟಿತು. ಬಣ್ಣದ ಪೆನ್ನುಗಳಿಂದ ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿ, ಹಾಗೆಯೇ ಕೊಟ್ಟರು. ಕೆಲವು ದಿನಗಳ ನಂತರ ಬಹುಮಾನದ ಮಾತಿಲ್ಲದೆ ಪೆನ್ನುಗಳನ್ನು ಇಟ್ಟಾಗ, ಈ ಮಕ್ಕಳು ಚಿತ್ರ ಬಿಡಿಸಲು ಕಳೆದ ಸಮಯ ಉಳಿದ ಮಕ್ಕಳ ಸಮಯದ ಸುಮಾರು ಅರ್ಧದಷ್ಟಿತ್ತು. ಒಳಗಿನಿಂದ ಬರುವ ಆಸಕ್ತಿಯನ್ನು ಹೊರಗಿನ ಬಹುಮಾನ ಕುಗ್ಗಿಸಬಹುದು ಎಂಬುದು ಇದರ ಪಾಠ.

ನಡಿಗೆಗೆ ಹಣ ಕೊಡುವುದನ್ನು ವಿರೋಧಿಸುವವರು ಈ ಪ್ರಯೋಗವನ್ನು ಮುಂದಿಡುತ್ತಾರೆ. ಆದರೆ ಇಲ್ಲೊಂದು ವ್ಯತ್ಯಾಸವಿದೆ. ಆ ಮಕ್ಕಳಿಗೆ ಚಿತ್ರ ಬಿಡಿಸುವ ಆಸಕ್ತಿ ಮೊದಲೇ ಇತ್ತು. ನಡೆಯುವ ಆಸಕ್ತಿಯೇ ಇಲ್ಲದ ವಯಸ್ಕನಲ್ಲಿ ಕುಗ್ಗಲು ಏನಿದೆ? 2009ರಲ್ಲಿ ಗ್ಯಾರಿ ಚಾರ್ನೆಸ್ ಮತ್ತು ಯೂರಿ ಗ್ನೀಝಿ ಪ್ರಕಟಿಸಿದ ಪ್ರಯೋಗದಲ್ಲಿ ಅಮೆರಿಕದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ನಾಲ್ಕು ವಾರಗಳಲ್ಲಿ ಎಂಟು ಬಾರಿ ವ್ಯಾಯಾಮಶಾಲೆಗೆ ಹೋದರೆ 100 ಡಾಲರ್ ಕೊಟ್ಟರು. ಹಣ ನಿಂತ ನಂತರದ ವಾರಗಳಲ್ಲೂ ಅವರ ಭೇಟಿಗಳು ಉಳಿದವರಿಗಿಂತ ಹೆಚ್ಚಿದ್ದವು. ಈ ಹೆಚ್ಚಳ ಬಹುತೇಕ ಬಂದದ್ದು ಮೊದಲು ನಿಯಮಿತವಾಗಿ ಹೋಗದೇ ಇದ್ದವರಿಂದ. ಅಂದರೆ ಬಹುಮಾನ ಜಡರಲ್ಲಿ ಅಭ್ಯಾಸದ ಬೀಜ ಬಿತ್ತಬಹುದು ಎಂಬ ಆಸೆ ಹುಟ್ಟಿತು.

ಆ ಆಸೆ ಎಷ್ಟು ಕಾಲ ಉಳಿಯಿತು? ಡ್ಯಾನ್ ಆಕ್ಲೆಂಡ್ ಮತ್ತು ಮ್ಯಾಥ್ಯೂ ಲೆವಿ ಇದೇ ಬಗೆಯ ಪ್ರಯೋಗವನ್ನು ಬರ್ಕಲಿಯ ವಿದ್ಯಾರ್ಥಿಗಳೊಂದಿಗೆ ನಡೆಸಿ ಹೆಚ್ಚು ಕಾಲ ಗಮನಿಸಿದರು. ಅವರ ವರದಿ 2015ರಲ್ಲಿ ಪ್ರಕಟವಾಯಿತು. ಹಣ ನಿಂತ ಮೇಲೂ ಸ್ವಲ್ಪ ಕಾಲ ಹೆಚ್ಚಳ ಉಳಿದಿತ್ತು. ನಡುವೆ ಚಳಿಗಾಲದ ರಜೆ ಬಂತು. ರಜೆ ಮುಗಿದ ಮೇಲೆ ಅದು ಕಾಣೆಯಾಗಿತ್ತು. ಹೊಸ ಅಭ್ಯಾಸ ಒಂದು ರಜೆಯನ್ನೂ ದಾಟಲಿಲ್ಲ! ಜೂನ್ ತಿಂಗಳಲ್ಲಿ ಮಕ್ಕಳನ್ನು ಮತ್ತೆ ಪಾಠಕ್ಕೆ ಕೂರಿಸುವ ಶಿಕ್ಷಕರಿಗೆ ಇದು ಆಶ್ಚರ್ಯದ ಸಂಗತಿಯೇನೂ ಅಲ್ಲ.

ಸಿಂಗಪುರದಲ್ಲಿ 13 ಸಂಸ್ಥೆಗಳ 800 ನೌಕರರ ಮೇಲೆ ಎರಿಕ್ ಫಿಂಕೆಲ್‌ಸ್ಟೈನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. ಅಲ್ಲಿ ಒಂದು ಗುಂಪಿಗೆ ಹೆಜ್ಜೆ ಎಣಿಸುವ ಸಾಧನ ಮಾತ್ರ, ಒಂದಕ್ಕೆ ಸಾಧನದ ಜೊತೆ ನಗದು, ಇನ್ನೊಂದಕ್ಕೆ ಸಾಧನದ ಜೊತೆ ಅವರ ಹೆಸರಿನಲ್ಲಿ ದಾನ. ಇದಾವುದೂ ಇಲ್ಲದ ನಾಲ್ಕನೆಯ ಗುಂಪೂ ಇತ್ತು. ಆರು ತಿಂಗಳು ನಗದು ಕೊಟ್ಟಾಗ ಆ ಗುಂಪಿನ ಚಟುವಟಿಕೆ ಏನೂ ಪಡೆಯದ ಗುಂಪಿಗಿಂತ ಹೆಚ್ಚಿತ್ತು. ನಗದು ನಿಲ್ಲಿಸಿ ಇನ್ನೂ ಆರು ತಿಂಗಳಾದ ಮೇಲೆ ಆ ಗುಂಪು ಆರಂಭದ ಮಟ್ಟಕ್ಕೇ ಮರಳಿತ್ತು. ತೂಕ, ರಕ್ತದೊತ್ತಡ ಮುಂತಾದ ಆರೋಗ್ಯದ ಅಳತೆಗಳಲ್ಲಿ ಯಾವ ಗುಂಪಿನಲ್ಲೂ ಸುಧಾರಣೆಯ ಪುರಾವೆ ಸಿಗಲಿಲ್ಲ. ಪೆನ್ಸಿಲ್ವೇನಿಯಾದ ಪ್ರಯೋಗದಲ್ಲೂ ಹಣ ನಿಂತ ನಂತರದ 13 ವಾರಗಳಲ್ಲಿ ನಾಲ್ಕು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಉಳಿಯಲಿಲ್ಲ.

2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಕೇಟಿ ಮಿಲ್ಕ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇನ್ನೂ ದೊಡ್ಡದು. ಅಮೆರಿಕದ ಒಂದು ವ್ಯಾಯಾಮಶಾಲೆ ಸಮೂಹದ 61,293 ಸದಸ್ಯರ ಮೇಲೆ ನಾಲ್ಕು ವಾರಗಳ 54 ಬೇರೆ ಬೇರೆ ಕಾರ್ಯಕ್ರಮಗಳನ್ನು ಏಕಕಾಲಕ್ಕೆ ಪರೀಕ್ಷಿಸಿದರು. ಅವುಗಳಲ್ಲಿ ಶೇಕಡಾ 45ರಷ್ಟು ಕಾರ್ಯಕ್ರಮಗಳು ವಾರದ ಭೇಟಿಗಳನ್ನು ಶೇಕಡಾ 9ರಿಂದ 27ರಷ್ಟು ಹೆಚ್ಚಿಸಿದವು. ನಾಲ್ಕು ವಾರ ಕಳೆದ ಮೇಲೂ ಅಳೆಯಬಹುದಾದ ಫಲ ಉಳಿಸಿಕೊಂಡವು ಶೇಕಡಾ 8 ಮಾತ್ರ. ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು, ಒಂದು ದಿನ ತಪ್ಪಿಸಿದವರು ಮರಳಿ ಬಂದಾಗ ಕೆಲವೇ ಸೆಂಟ್‌ಗಳಷ್ಟು ಹೆಚ್ಚುವರಿ ಅಂಕ ಕೊಡುವ ಕಾರ್ಯಕ್ರಮ. ಯಾವುದು ಫಲಿಸುತ್ತದೆ ಎಂದು ತಜ್ಞರು ಮೊದಲೇ ಮಾಡಿದ್ದ ಊಹೆಗಳು ಫಲಿತಾಂಶಕ್ಕೆ ಹೊಂದಲಿಲ್ಲ. ಇಲ್ಲಿ ಮರೆಯಬಾರದ ಮಾತೊಂದಿದೆ. ಇವರೆಲ್ಲ ವ್ಯಾಯಾಮಶಾಲೆಗೆ ಸದಸ್ಯರಾಗಿ ಸೇರಿದ್ದವರು. ಅಂದರೆ ಇವರು ನಮ್ಮ ಲೆಕ್ಕದ ನಿಜವಾದ ಜಡರಲ್ಲ.

ಇದಕ್ಕೆ ವಿರುದ್ಧವಾದ ಪುರಾವೆಯನ್ನೂ ಹೇಳಬೇಕು. ಮೇಲೆ ಹೇಳಿದ 23 ಪ್ರಯೋಗಗಳ ವಿಶ್ಲೇಷಣೆಯಲ್ಲಿ, ಹಣ ನಿಂತ ಮೇಲೂ ಗಮನಿಸಿದ ಒಂಬತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ, ಮೂರರಿಂದ ಆರು ತಿಂಗಳ ನಂತರವೂ ಸುಮಾರು 514 ಹೆಜ್ಜೆಗಳ ಹೆಚ್ಚಳ ಉಳಿದಿತ್ತು. ಹೀಗಾಗಿ 'ಹಣ ನಿಂತರೆ ಎಲ್ಲವೂ ನಿಲ್ಲುತ್ತದೆ' ಎಂದು ಸಾರಾಸಗಟಾಗಿ ಹೇಳಲು ಬರುವುದಿಲ್ಲ. ಆದರೆ ಆರು ತಿಂಗಳು ಎಲ್ಲಿ, ಹೃದ್ರೋಗ ಬೆಳೆಯುವ ಇಪ್ಪತ್ತು ವರ್ಷ ಎಲ್ಲಿ? ಪ್ರೋತ್ಸಾಹಧನವನ್ನು ಶಾಶ್ವತ ಅಭ್ಯಾಸದ ಮದ್ದು ಎಂದು ಮಾರುವಷ್ಟು ಪುರಾವೆ ಇಲ್ಲ.

ಹಣ ಯಾರ ಕೈ ಸೇರಿತು?

ನಾಲ್ಕನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಮುಖ್ಯವಾದದ್ದು. ಒಂದು ಸರಳ ಲೆಕ್ಕ ಮಾಡೋಣ. 10,000 ಹೆಜ್ಜೆ ದಾಟಿದ ದಿನಕ್ಕೆ 20 ರೂಪಾಯಿ ಎಂಬ ಯೋಜನೆಯಲ್ಲಿ ಮೂವರಿದ್ದಾರೆ ಎಂದುಕೊಳ್ಳಿ. 'ಅ' ದಿನಕ್ಕೆ 11,000 ಹೆಜ್ಜೆ ಮೊದಲೇ ನಡೆಯುತ್ತಿದ್ದವರು. ಯೋಜನೆ ಬಂದ ಮೇಲೂ ಅಷ್ಟೇ. 'ಆ' 9,000ದಿಂದ 10,000ಕ್ಕೆ ಏರಿದವರು. 'ಇ' 3,000ದಿಂದ ಕಷ್ಟಪಟ್ಟು 5,000ಕ್ಕೆ ಬಂದವರು. ಹೆಚ್ಚು ನಡೆದದ್ದು 'ಇ', 2,000 ಹೆಜ್ಜೆ. ಅವರಿಗೆ ಸಿಕ್ಕಿದ್ದು ಸೊನ್ನೆ. ಏನೂ ಬದಲಾಗದ 'ಅ' ಅವರಿಗೆ 20 ರೂಪಾಯಿ.

ಈಗ ಆರೋಗ್ಯದ ಕಡೆಯಿಂದ ನೋಡಿ. 2019ರಲ್ಲಿ ಐ-ಮಿನ್ ಲೀ ಮತ್ತು ಸಂಗಡಿಗರು ಸರಾಸರಿ 72 ವರ್ಷ ವಯಸ್ಸಿನ 16,741 ಅಮೆರಿಕನ್ ಮಹಿಳೆಯರ ಅಧ್ಯಯನವನ್ನು ಪ್ರಕಟಿಸಿದರು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಶೇಕಡಾ 41ರಷ್ಟು ಕಡಿಮೆ ಇತ್ತು. ಸುಮಾರು 7,500 ಹೆಜ್ಜೆಗಳ ನಂತರ ಹೆಚ್ಚಿನ ಇಳಿಕೆ ಕಾಣಲಿಲ್ಲ. ಇದು ಪ್ರಯೋಗವಲ್ಲ, ವೀಕ್ಷಣೆ. ಕಾಯಿಲೆ ಇದ್ದವರು ಕಡಿಮೆ ನಡೆಯುತ್ತಾರೆ ಎಂಬ ಅಂಶವೂ ಇದರಲ್ಲಿ ಸ್ವಲ್ಪ ಸೇರಿರಬಹುದು. ಆದರೂ ಕಡಿಮೆ ನಡೆಯುವವರು ಸ್ವಲ್ಪ ಹೆಚ್ಚು ನಡೆದಾಗಲೇ ಲಾಭ ಅತಿ ಹೆಚ್ಚು ಎಂಬುದನ್ನು ಇತರ ಅಧ್ಯಯನಗಳೂ ಸೂಚಿಸುತ್ತವೆ. ಅಂದರೆ ಆರೋಗ್ಯದ ಲೆಕ್ಕದಲ್ಲಿ ಅತಿ ಹೆಚ್ಚು ಗಳಿಸಿದ್ದು 'ಇ'. ಯೋಜನೆಯ ಲೆಕ್ಕದಲ್ಲಿ ಸೋತವರೂ ಅವರೇ!

ಹಾಗಾದರೆ 10,000 ಎಂಬ ಗೆರೆ ಎಲ್ಲಿಂದ ಬಂತು? ಅದು ವೈದ್ಯಕೀಯ ಸಂಶೋಧನೆಯಿಂದ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಮಾರುಕಟ್ಟೆಗೆ ತಂದ ಹೆಜ್ಜೆ ಎಣಿಸುವ ಸಾಧನದ ಹೆಸರು 'ಮಾನ್ಪೋಕೆಯ್'. ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು ಅದರ ಅರ್ಥ. ನೆನಪಿಡಲು ಸುಲಭವಾದ ಆ ದುಂಡು ಸಂಖ್ಯೆ ಕ್ರಮೇಣ ಆರೋಗ್ಯದ ಗೆರೆಯಂತೆ ಬಳಕೆಗೆ ಬಂತು.

ಈ ಮಾತು ನಮಗೆ ಸಂಬಂಧಿಸಿದ್ದೇ. ಭಾರತದ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಆರೋಗ್ಯ ಕಾಪಾಡಿಕೊಳ್ಳುವ ಪಾಲಿಸಿದಾರರಿಗೆ ಅಂಕ, ವೋಚರು ಮತ್ತು ನವೀಕರಣದ ವೇಳೆ ಕಂತಿನಲ್ಲಿ ರಿಯಾಯಿತಿ ನೀಡಲು ಕಂಪನಿಗಳಿಗೆ ಅವಕಾಶ ಕೊಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಗುರಿಯ ಗೆರೆಯನ್ನು ಎಲ್ಲರಿಗೂ ಒಂದೇ ಎತ್ತರದಲ್ಲಿ ಎಳೆದರೆ ರಿಯಾಯಿತಿ 'ಅ' ಅವರಿಗೆ ಹೋಗುತ್ತದೆ. ಸ್ಮಾರ್ಟ್‌ಫೋನ್ ಇರುವ, ಮನೆಯ ಬಳಿ ಉದ್ಯಾನ ಇರುವ, ಬೆಳಿಗ್ಗೆ ಒಂದು ಗಂಟೆ ಬಿಡುವಿರುವವರಿಗೆ ಹೋಗುತ್ತದೆ. ಯಾರನ್ನು ಎಬ್ಬಿಸಬೇಕಿತ್ತೋ ಅವರು ಪೂರ್ತಿ ಕಂತು ಕಟ್ಟುತ್ತಾ ಕುಳಿತೇ ಇರುತ್ತಾರೆ. ಯೋಜನೆಯ ವರದಿಯಲ್ಲಿ ಮಾತ್ರ 'ಇಷ್ಟು ಲಕ್ಷ ಹೆಜ್ಜೆಗಳು' ಎಂಬ ದೊಡ್ಡ ಸಂಖ್ಯೆ ಇರುತ್ತದೆ. ಅದರಲ್ಲಿ ಹೊಸ ಹೆಜ್ಜೆಗಳು ಎಷ್ಟು ಎಂಬುದು ಇರುವುದಿಲ್ಲ.

ಮತ್ತೆ ಕೊಯಮತ್ತೂರಿಗೆ

ಈ ನಾಲ್ಕು ಪ್ರಶ್ನೆಗಳನ್ನು ಕೈಯಲ್ಲಿಟ್ಟುಕೊಂಡು ಕೊಯಮತ್ತೂರಿನ ಪ್ರಯೋಗವನ್ನು ಮತ್ತೆ ನೋಡೋಣ. ಅದರ ಗುಣಗಳು ಹಲವು. ಗುಂಪುಗಳನ್ನು ಯಾದೃಚ್ಛಿಕವಾಗಿ ಮಾಡಿದ್ದಾರೆ. ನಡಿಗೆಯ ಅಗತ್ಯ ನಿಜವಾಗಿ ಇರುವ, ಸಕ್ಕರೆ ಕಾಯಿಲೆಯ ಜನರನ್ನು ಆರಿಸಿಕೊಂಡಿದ್ದಾರೆ. ಸಾಧನದ ಪರಿಣಾಮವನ್ನೂ ಹಣದ ಪರಿಣಾಮವನ್ನೂ ಬೇರ್ಪಡಿಸಿದ್ದಾರೆ. ಹೆಜ್ಜೆಗಳನ್ನು ಮಾತ್ರ ಎಣಿಸದೆ ಆರೋಗ್ಯವನ್ನೂ ಅಳೆದಿದ್ದಾರೆ. ಮೊತ್ತವೂ ನಮ್ಮ ನೆಲಕ್ಕೆ ಹೊಂದುವಂಥದ್ದು.

ಅಲ್ಲಿ ಇನ್ನೊಂದು ಸ್ವಾರಸ್ಯಕರ ಅಂಶವಿದೆ. ಕೆಲವರಿಗೆ ಗುರಿ ಮುಟ್ಟಿದ ಪ್ರತಿ ದಿನಕ್ಕೂ ಹಣ. ಇನ್ನು ಕೆಲವರಿಗೆ ವಾರದಲ್ಲಿ ಕನಿಷ್ಠ ನಾಲ್ಕು ಅಥವಾ ಐದು ದಿನ ಗುರಿ ಮುಟ್ಟಿದರೆ ಮಾತ್ರ ಆ ವಾರದ ಹಣ. ಇಂದು ನಡೆದರೆ ನಾಳೆಯ ನಡಿಗೆಗೂ ಬೆಲೆ ಬರುತ್ತದೆ ಎಂಬ ಲೆಕ್ಕ ಇದರ ಹಿಂದಿದೆ. ಈ ಎರಡನೆಯ ಕ್ರಮದಲ್ಲಿ ಹೆಚ್ಚುಕಡಿಮೆ ಅಷ್ಟೇ ನಡಿಗೆ ಕಡಿಮೆ ಖರ್ಚಿನಲ್ಲಿ ಸಿಕ್ಕಿತು. ಹಣ ಕೊಡುವವರ ದೃಷ್ಟಿಯಿಂದ ಇದು ಜಾಣ ವಿನ್ಯಾಸ. ಆದರೆ ವಾರಕ್ಕೆ ಮೂರು ದಿನ ಗುರಿ ಮುಟ್ಟಿದವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ನಮ್ಮ ಲೆಕ್ಕದ 'ಇ' ಅವರಿಗಂತೂ ಎರಡು ಗೆರೆ ದಾಟಬೇಕಾಗುತ್ತದೆ, ದಿನದ್ದೊಂದು ಮತ್ತು ವಾರದ್ದೊಂದು. ಸರಾಸರಿ ಚೆನ್ನಾಗಿದ್ದಾಗಲೂ ಅದರ ಕೆಳಗೆ ಯಾರಿದ್ದಾರೆ ಎಂದು ನೋಡುವುದನ್ನು ಬಿಡಬಾರದು.

ಹಣ ಕೊಂಡು ತರಲಾಗದ್ದು

ಕೊನೆಯದಾಗಿ, ಈ ಎಲ್ಲ ಪ್ರಯೋಗಗಳ ತಳಹದಿಯಲ್ಲಿ ಒಂದು ಊಹೆ ಇದೆ. ಜನ ನಡೆಯದಿರುವುದು ಮನಸ್ಸಿಲ್ಲದ್ದರಿಂದ ಎಂಬುದೇ ಆ ಊಹೆ. ಬಹಳ ಮಂದಿಯ ವಿಷಯದಲ್ಲಿ ಅದು ಸರಿಯಿರಬಹುದು. ಆದರೆ ನಮ್ಮ ದೇಶದ ಮಹಿಳೆಯರಲ್ಲಿ ಶೇಕಡಾ 57 ಮಂದಿ ಸಾಕಷ್ಟು ಚಟುವಟಿಕೆ ಇಲ್ಲದವರಾಗಿರುವುದಕ್ಕೆ ಮನಸ್ಸಿನ ಕೊರತೆಯೊಂದೇ ಕಾರಣವೇ? ಮನೆಗೆಲಸದ ನಡುವೆ ಅರ್ಧ ಗಂಟೆ ತನಗಾಗಿ ಸಿಗದಿರುವುದು, ಕತ್ತಲಾದ ಮೇಲೆ ಹೊರಗೆ ಓಡಾಡಲು ಹಿಂಜರಿಕೆ, ಪಾದಚಾರಿ ಮಾರ್ಗವಿಲ್ಲದ ರಸ್ತೆ, ಇದ್ದರೂ ಅದರ ಮೇಲೆ ನಿಂತ ವಾಹನಗಳು, ಬೀದಿನಾಯಿಗಳು, ಏಪ್ರಿಲ್ ತಿಂಗಳ ಬಿಸಿಲು ಇವು 20 ರೂಪಾಯಿಯ ರೀಚಾರ್ಜ್‌ನಿಂದ ಸರಿಯಾಗುವುದಿಲ್ಲ. ಬಹುಮಾನ ಕೊಟ್ಟೂ ನಡೆಯದವರನ್ನು ಸೋಮಾರಿಗಳೆಂದು ಕರೆಯುವ ಮೊದಲು, ಅವರು ನಡೆಯಬೇಕಾದ ದಾರಿಯನ್ನು ಒಮ್ಮೆ ನೋಡಿಬರಬೇಕು.

ಹಾಗಾದರೆ ಪ್ರೋತ್ಸಾಹಧನ ಬೇಡವೇ? ಬೇಕು, ಆದರೆ ಅದರ ಸ್ಥಾನ ತಿಳಿದು. ಬಾವಿಯ ಕೈಪಂಪಿಗೆ ಮೊದಲು ಒಂದು ಚೊಂಬು ನೀರು ಹುಯ್ದಂತೆ ಅದು. ಆರಂಭಕ್ಕೆ ಸಹಾಯಕ, ಬಾವಿಯಲ್ಲಿ ನೀರಿಲ್ಲದಿದ್ದರೆ ಎಷ್ಟು ಚೊಂಬು ಹುಯ್ದರೂ ವ್ಯರ್ಥ. ಪ್ರಯೋಗಗಳ ಫಲಿತಾಂಶ ಒಟ್ಟಾಗಿ ಹೇಳುವುದು ಇಷ್ಟು: ಗುರಿಯನ್ನು ಪ್ರತಿಯೊಬ್ಬರ ಈಗಿನ ಮಟ್ಟದಿಂದ ಸ್ವಲ್ಪ ಮೇಲೆ ಇಡಿ, ಹೊಸದಾಗಿ ಆರಂಭಿಸುವವರಿಗೆ ಕೊಡಿ, ತಪ್ಪಿಸಿದವರು ಮರಳಿ ಬಂದಾಗ ಮೆಚ್ಚಿ, ಹಣ ನಿಂತ ಮೇಲೂ ಕನಿಷ್ಠ ಒಂದು ವರ್ಷ ಅಳೆಯಿರಿ, ಅಳೆದದ್ದನ್ನು ಯಾದೃಚ್ಛಿಕವಾಗಿ ಆರಿಸಿದ ಗುಂಪಿನೊಂದಿಗೆ ಹೋಲಿಸಿ.

ಶಿಕ್ಷಕ ಮಿತ್ರರಿಗೆ ಒಂದು ಸೂಚನೆ. ತರಗತಿಯಲ್ಲಿ ಇದನ್ನು ಒಂದು ಚಟುವಟಿಕೆಯಾಗಿ ಮಾಡಬಹುದು. ಪತ್ರಿಕೆಯಲ್ಲಿ ಬಂದ ಯಾವುದಾದರೂ ಆರೋಗ್ಯ ಯೋಜನೆಯ ಜಾಹೀರಾತನ್ನು ಕತ್ತರಿಸಿ ತನ್ನಿ. ಮೇಲಿನ ನಾಲ್ಕು ಪ್ರಶ್ನೆಗಳನ್ನು ಕಪ್ಪು ಹಲಗೆಯ ಮೇಲೆ ಬರೆಯಿರಿ. ಪ್ರತಿಯೊಂದಕ್ಕೂ ಆ ಜಾಹೀರಾತಿನಲ್ಲಿ ಉತ್ತರವಿದೆಯೇ ಎಂದು ವಿದ್ಯಾರ್ಥಿಗಳೇ ಹುಡುಕಲಿ. ಎಷ್ಟು ಪ್ರಶ್ನೆಗಳ ಮುಂದಿನ ಜಾಗ ಖಾಲಿ ಉಳಿಯಿತು ಎಂಬುದನ್ನು ಅವರೇ ಎಣಿಸಲಿ. ಅದಾದ ಮೇಲೆ ಮಕ್ಕಳನ್ನು ಕರೆದುಕೊಂಡು ಶಾಲೆಯ ಮೈದಾನಕ್ಕೆ ಎರಡು ಸುತ್ತು ಹಾಕಿಬನ್ನಿ. ಅದಕ್ಕೆ ಬಹುಮಾನ ಬೇಕಾಗಲಾರದು.